ಸಂಕಟಕ್ಕೂ ಮುಂಚಿನ ಸ್ತೋತ್ರ

(ದತ್ತಿ ಉಪನ್ಯಾಸದ ಪಠ್ಯ)



‘ಸಂಕಟ ಬಂದಾಗ ವೆಂಕಟರಮಣ’ ಎಂಬ ಗಾದೆ ನಮಗೆಲ್ಲ ಗೊತ್ತು. ಅದರಲ್ಲೊಂದು ಕುಟುಕು ಇದೆ. ನೆಮ್ಮದಿಯ ದಿನಗಳಲ್ಲಿ ದೇವರ ಕಡೆ ತಿರುಗಿಯೂ ನೋಡದವನು ಕಾಲಿಗೆ ಮುಳ್ಳು ಚುಚ್ಚಿದ ಕೂಡಲೇ ಕೂಗಿಕೊಳ್ಳುತ್ತಾನೆ ಎಂಬ ಕುಟುಕು. ಕ್ರೈಸ್ತರಾದ ನಾವು ಇದರಿಂದ ಹೊರಗಿನವರೇನಲ್ಲ. ಹತ್ತನೆಯ ತರಗತಿ ಪರೀಕ್ಷೆಯ ಹಿಂದಿನ ಭಾನುವಾರ ಚರ್ಚಿನ ಬೆಂಚುಗಳು ಹೇಗೆ ತುಂಬುತ್ತವೆ ಎಂಬುದನ್ನು ಇಲ್ಲಿರುವ ಸಭಾಪಾಲಕರನ್ನು ಕೇಳಿ ನೋಡಿ.

ಕಷ್ಟದಲ್ಲಿ ದೇವಾರಾಧನೆ ಎಂಬ ವಿಷಯದ ಮೇಲೆ ಮಾತಾಡಬೇಕು ಎಂದು ಸಂಘಟಕರು ಹೇಳಿದಾಗ ನನಗೆ ಮೊದಲು ನೆನಪಾದದ್ದು ಯಾವ ಸಂತನ ಕಥೆಯೂ ಅಲ್ಲ, ನನ್ನದೇ ಒಂದು ತಪ್ಪು. ಹಲವು ವರ್ಷಗಳ ಹಿಂದೆ ನನ್ನ ಗೆಳೆಯನೊಬ್ಬ ಹತ್ತೊಂಬತ್ತು ವರ್ಷದ ಮಗನನ್ನು ಕಳೆದುಕೊಂಡ. ಮಣ್ಣು ಮಾಡಿದ ಮೂರನೆಯ ದಿನ ಅವರ ಮನೆಗೆ ಹೋದವನು ನಾನು, ಮಾತು ತೋಚದೆ, ‘ಎಲ್ಲದಕ್ಕೂ ದೇವರಿಗೆ ಸ್ತೋತ್ರ ಹೇಳೋಣ’ ಎಂದುಬಿಟ್ಟೆ. ಗೆಳೆಯ ನನ್ನನ್ನೇ ನೋಡಿದ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, ‘ನನ್ನ ಕೈಲಿ ಈಗ ಆಗೋದಿಲ್ಲ. ನೀನು ಹೇಳು’ ಎಂದ.

‘ನನ್ನ ಕೈಲಿ ಆಗೋದಿಲ್ಲ’ ಎಂಬ ಮೊದಲರ್ಧ ನನಗೆ ಅಂದೇ ತಾಗಿತು. ನಾಚಿಕೆಯಾಯಿತು. ‘ನೀನು ಹೇಳು’ ಎಂಬ ಇನ್ನರ್ಧದ ಅರ್ಥ ತಿಳಿಯಲು ಬಹಳ ವರ್ಷ ಹಿಡಿಯಿತು. ಇವತ್ತಿನ ನನ್ನ ಮಾತು ಆ ಎರಡು ಅರ್ಧಗಳ ಬಗ್ಗೆ.

1

ಜರ್ಮನಿಯ ಸ್ಯಾಕ್ಸನಿಯಲ್ಲಿ, ಲೈಪ್‌ಜಿಗ್ ನಗರದ ಹತ್ತಿರ, ಮುಲ್ಡೆ ನದಿಯ ದಂಡೆಯಲ್ಲಿ ಐಲೆನ್‌ಬುರ್ಗ್ ಎಂಬ ಊರಿದೆ. 1586ರಲ್ಲಿ ಅಲ್ಲಿ ಪೀಪಾಯಿ ಮಾಡುವವನೊಬ್ಬನ ಮಗನಾಗಿ ಮಾರ್ಟಿನ್ ರಿಂಕಾರ್ಟ್ ಹುಟ್ಟಿದ. ಲೈಪ್‌ಜಿಗ್‌ನ ಸಂತ ಥೋಮಸ್ ಶಾಲೆಯಲ್ಲಿ ಹಾಡುತ್ತ ಓದಿದ. ಮುಂದೆ ಒಂದು ಶತಮಾನ ಕಳೆದ ಮೇಲೆ ಬಾಖ್ ಸಂಗೀತ ಕಲಿಸಿದ್ದು ಅದೇ ಶಾಲೆಯಲ್ಲಿ. 1617ರಲ್ಲಿ ರಿಂಕಾರ್ಟ್ ಹುಟ್ಟೂರಿಗೇ ಲುಥೆರನ್ ಪಾದ್ರಿಯಾಗಿ ಮರಳಿದ. ಮರುವರ್ಷವೇ, 1618ರಲ್ಲಿ, ಮೂವತ್ತು ವರ್ಷಗಳ ಯುದ್ಧ ಶುರುವಾಯಿತು. ಅದು ಮುಗಿದದ್ದು 1648ರಲ್ಲಿ. ಆತ ತೀರಿಕೊಂಡದ್ದು 1649ರ ಡಿಸೆಂಬರಿನಲ್ಲಿ. ಆತನ ಸೇವಾಕಾಲವೆಲ್ಲ ಹೆಚ್ಚುಕಡಿಮೆ ಆ ಒಂದೇ ಯುದ್ಧದೊಳಗೆ ಸವೆದುಹೋಯಿತು.

ಐಲೆನ್‌ಬುರ್ಗ್‌ಗೆ ಸುತ್ತಲೂ ಕೋಟೆಗೋಡೆ ಇತ್ತು. ಯುದ್ಧಕಾಲದಲ್ಲಿ ಗೋಡೆ ಇರುವ ಊರೆಂದರೆ ಸುತ್ತಲ ಹಳ್ಳಿಗಳಿಗೆಲ್ಲ ಆಸರೆ. ಜನ ಗಂಟುಮೂಟೆ ಹೊತ್ತು ಒಳಗೆ ನುಗ್ಗಿದರು. ಒಂದು ಮನೆಯ ಜಾಗದಲ್ಲಿ ನಾಲ್ಕು ಸಂಸಾರ. ಸೈನ್ಯವನ್ನು ತಡೆದ ಗೋಡೆ ರೋಗವನ್ನು ತಡೆಯಲಿಲ್ಲ, ಒಳಗೆ ಕೂಡಿಹಾಕಿತು. 1637ರಲ್ಲಿ ಮಾರಿ ಬಡಿಯಿತು. ಆ ಒಂದು ವರ್ಷದಲ್ಲಿ ಅಲ್ಲಿ ಸತ್ತವರು ಸುಮಾರು 8000 ಮಂದಿ ಎಂದು ಹೇಳುತ್ತಾರೆ. ಮೇಲಧಿಕಾರಿ ಊರು ಬಿಟ್ಟ. ಜೊತೆಯ ಪಾದ್ರಿಗಳು ತೀರಿಹೋದರು. ಉಳಿದವನು ರಿಂಕಾರ್ಟ್ ಒಬ್ಬನೇ. ಕೆಲವು ದಿನ ನಲವತ್ತು ಐವತ್ತು ಶವಗಳಿಗೆ ಆತ ಪ್ರಾರ್ಥನೆ ಓದಬೇಕಾಯಿತು. ಒಟ್ಟು 4480 ಜನರ ಅಂತ್ಯಸಂಸ್ಕಾರ ನಡೆಸಿದ ಎಂದು ಲೆಕ್ಕ ಉಳಿದಿದೆ. ಮೇ ತಿಂಗಳಲ್ಲಿ ಮಣ್ಣಾದವರಲ್ಲಿ ಆತನ ಹೆಂಡತಿಯೂ ಇದ್ದಳು. ಕೊನೆಕೊನೆಗೆ ಒಬ್ಬೊಬ್ಬರಿಗೆ ಒಂದೊಂದು ಕುಣಿ ಎಂಬುದೂ ಹೋಗಿ, ಉದ್ದನೆಯ ಕಂದಕ ತೋಡಿ ಸಾಲಾಗಿ ಮಲಗಿಸಿದರು.

ಮಾರಿಯ ಬೆನ್ನಿಗೇ ಬರ ಬಂತು. ಸತ್ತ ಬೆಕ್ಕಿಗೋ ಕಾಗೆಗೋ ಮೂವತ್ತು ನಲವತ್ತು ಜನ ಬೀದಿಯಲ್ಲಿ ಕಿತ್ತಾಡಿದರು ಎಂಬಷ್ಟು ಬರ. ರಿಂಕಾರ್ಟ್ ಮನೆಯಲ್ಲಿದ್ದದ್ದನ್ನೆಲ್ಲ ಹಂಚಿ, ತನ್ನ ಮಕ್ಕಳ ರೊಟ್ಟಿಗೂ ಬಟ್ಟೆಗೂ ಮುಂದಿನ ಹಲವು ವರ್ಷಗಳ ಸಂಬಳವನ್ನು ಅಡವಿಟ್ಟ. ಅದರ ಮೇಲೆ 1639ರಲ್ಲಿ ಸ್ವೀಡಿಷ್ ಸೈನ್ಯ ಬಂದು ಆ ಬರಿದಾದ ಊರಿನಿಂದ 30,000 ಥಾಲರ್ ದಂಡ ಕೇಳಿತು. ರಿಂಕಾರ್ಟ್ ದಂಡನಾಯಕನ ಬಳಿ ಹೋಗಿ ಬೇಡಿಕೊಂಡ. ಆತ ಒಪ್ಪಲಿಲ್ಲ. ಆಗ ರಿಂಕಾರ್ಟ್ ಹಿಂದಕ್ಕೆ ತಿರುಗಿ, ಜೊತೆಗೆ ಬಂದಿದ್ದ ಊರವರನ್ನು ಕರೆದು, ಮನುಷ್ಯರ ಬಳಿ ಕರುಣೆ ಸಿಗಲಿಲ್ಲ, ದೇವರನ್ನು ಕೇಳೋಣ ಎಂದು ಅಲ್ಲೇ ಮೊಣಕಾಲೂರಿ ಹಾಡಲು ತೊಡಗಿದನಂತೆ. ದಂಡ ಕೊನೆಗೆ 2000 ನಾಣ್ಯಕ್ಕೆ ಇಳಿಯಿತು.

ಇದೇ ರಿಂಕಾರ್ಟ್ ಬರೆದ ‘ನೂನ್ ದಾಂಕೆಟ್ ಅಲ್ಲೆ ಗೋಟ್’ ಎಂಬ ಕೃತಜ್ಞತಾ ಗೀತೆ ಇವತ್ತು ಲೋಕದ ಎಲ್ಲ ಖಂಡಗಳಲ್ಲೂ ಕ್ರೈಸ್ತರ ಬಾಯಲ್ಲಿದೆ. ಯೋಹಾನ್ ಕ್ರ್ಯೂಗರ್ 1647ರಲ್ಲಿ ಪ್ರಕಟಿಸಿದ ರಾಗ ಅದಕ್ಕೆ ಅಂಟಿಕೊಂಡಿದೆ. ಬಾಖ್ ಅದನ್ನು ಬಳಸಿದ, ಮೆಂಡೆಲ್ಸೋನ್ ಬಳಸಿದ.

2

ಈ ಗೀತೆಯ ಬಗ್ಗೆ ಪ್ರವಚನಗಳಲ್ಲಿ ಒಂದು ಕಥೆ ಹೇಳುತ್ತಾರೆ. ನಾನೂ ಹೇಳಿದ್ದೇನೆ. ಸಾವಿರಾರು ಜನರನ್ನು ಹೂತು, ಹೆಂಡತಿಯನ್ನೂ ಹೂತು, ಮನೆಗೆ ಬಂದ ಪಾದ್ರಿ ಕಣ್ಣೀರು ಒರೆಸಿಕೊಂಡು ಕೃತಜ್ಞತೆಯ ಹಾಡು ಬರೆದ ಎಂದು. ಕೇಳುವವರ ಮೈ ಜುಮ್ಮೆನ್ನುತ್ತದೆ.

ಆದರೆ ಗೀತೆ 1637ರದ್ದಲ್ಲ. ರಿಂಕಾರ್ಟ್ 1636ರಲ್ಲಿ ಅಚ್ಚುಮಾಡಿಸಿದ ಭಕ್ತಿಪುಸ್ತಕದಲ್ಲೇ ಅದು ಸೇರಿತ್ತು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. 1630ರ ಸುಮಾರಿಗೇ ಬರೆದಿದ್ದ ಎನ್ನುವವರೂ ಇದ್ದಾರೆ. ಅಂದರೆ ಮಾರಿ ಬರುವ ಮೊದಲೇ ಹಾಡು ಸಿದ್ಧವಾಗಿತ್ತು. ಆತ ಅದಕ್ಕೆ ಕೊಟ್ಟಿದ್ದ ತಲೆಬರಹವನ್ನೂ ಗಮನಿಸಿ: ‘ಮೇಜಿನ ಪುಟ್ಟ ಪ್ರಾರ್ಥನೆ’. ಊಟದ ಹೊತ್ತಿಗೆ ಮನೆಯವರೆಲ್ಲ ಕೂಡಿ ಹೇಳಲಿ ಎಂದು, ಸಿರಾಖನ ಗ್ರಂಥದ ಐವತ್ತನೆಯ ಅಧ್ಯಾಯದ ಕೆಲವು ವಚನಗಳನ್ನು ಹಿಡಿದು ಕಟ್ಟಿದ ಮೂರು ನುಡಿಗಳು. ಮೊದಲನೆಯದರಲ್ಲಿ ಕೃತಜ್ಞತೆ, ಎರಡನೆಯದರಲ್ಲಿ ಬೇಡಿಕೆ, ಮೂರನೆಯದರಲ್ಲಿ ತ್ರಯೈಕ ದೇವರ ಮಹಿಮೆ. ಅಷ್ಟೇ.

ಇದನ್ನು ಮೊದಲು ಓದಿದಾಗ ನನಗೆ ನಿರಾಸೆಯಾಯಿತು. ಒಳ್ಳೆಯ ಕಥೆಯೊಂದು ಕೈಬಿಟ್ಟಿತಲ್ಲ ಎನಿಸಿತು. ಯೋಚಿಸುತ್ತ ಹೋದಂತೆ, ನಿಜವಾದ ಇತಿಹಾಸ ಆ ಕಥೆಗಿಂತ ದೊಡ್ಡದು ಎಂದು ಗೊತ್ತಾಯಿತು. ಕಥೆಯ ರಿಂಕಾರ್ಟ್ ವೀರ. ಹೆಣಗಳ ರಾಶಿಯ ನಡುವೆ ಕೂತು ಕೃತಜ್ಞತೆಯನ್ನು ಹೊಸದಾಗಿ ಹುಟ್ಟಿಸಬಲ್ಲವನು. ಅವನನ್ನು ನೋಡಿ ನಾವು ಕೈಮುಗಿಯಬಹುದು, ಅನುಸರಿಸಲಾರೆವು. ಇತಿಹಾಸದ ರಿಂಕಾರ್ಟ್ ಒಬ್ಬ ಅಪ್ಪ. ಯುದ್ಧದ ನಡುವೆಯೂ ತಟ್ಟೆಯಲ್ಲಿ ರೊಟ್ಟಿ ಬಿದ್ದ ದಿನ ಮಕ್ಕಳ ಬಾಯಲ್ಲಿ ಕೃತಜ್ಞತೆ ಹೇಳಿಸಿದವನು. ಆಮೇಲೆ ರೊಟ್ಟಿ ಇಲ್ಲದ ದಿನ ಬಂತು, ಮೇಜಿನ ಒಂದು ಬದಿ ಬರಿದಾದ ದಿನ ಬಂತು. ಬಾಯಿಗೆ ಮಾತ್ರ ಹಾಡು ಆಗಲೇ ಗೊತ್ತಿತ್ತು.

ಬಾವಿ ತೋಡುವುದು ಮನೆಗೆ ಬೆಂಕಿ ಬಿದ್ದಾಗ ಅಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದೂ ಇದನ್ನೇ.

3

ಹಾಗಾದರೆ ಅಭ್ಯಾಸವಿದ್ದವನು ಎಂಥ ಕಷ್ಟದಲ್ಲೂ ನಗುನಗುತ್ತ ಹಾಡುತ್ತಾನೆಯೇ? ಖಂಡಿತ ಇಲ್ಲ. ಇಲ್ಲಿ ನಮ್ಮ ಸಭೆಗಳು ಬಹಳಷ್ಟು ಮಂದಿಗೆ ಅನ್ಯಾಯ ಮಾಡಿವೆ ಎಂದು ನನಗನಿಸುತ್ತದೆ.

ಸತ್ಯವೇದದ ನಟ್ಟನಡುವೆ ಕೀರ್ತನೆಗಳ ಪುಸ್ತಕವಿದೆ. ಒಟ್ಟು 150 ಕೀರ್ತನೆಗಳು. ಹೀಬ್ರೂ ಭಾಷೆಯಲ್ಲಿ ಪುಸ್ತಕದ ಹೆಸರು ‘ತೆಹಿಲ್ಲೀಮ್’, ಅಂದರೆ ಸ್ತುತಿಗಳು. ಬಿಡಿಸಿ ನೋಡಿದರೆ ಮೂರರಲ್ಲಿ ಒಂದು ಪಾಲು ಅಳು, ದೂರು, ಜಗಳ. ಎಲ್ಲಿದ್ದೀಯಾ, ಎಷ್ಟು ದಿನ, ನಿದ್ದೆ ಮಾಡುತ್ತಿದ್ದೀಯಾ ಎಂದು ದೇವರನ್ನು ನೇರ ಕೇಳುವ ಕೀರ್ತನೆಗಳಿವೆ. ಹೆಚ್ಚಿನವು ಕೊನೆಯಲ್ಲಿ ಹೇಗೋ ಭರವಸೆಯ ಕಡೆ ಹೊರಳುತ್ತವೆ. 88ನೆಯದು ಹೊರಳುವುದೂ ಇಲ್ಲ. ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ನಿಲ್ಲುತ್ತದೆ. ಈ ಪುಸ್ತಕವನ್ನು ಕ್ರೋಡೀಕರಿಸಿದವರು ಅದನ್ನು ಹೊರಗಿಡಬಹುದಿತ್ತು. ಸ್ತುತಿಗಳ ಪಟ್ಟಿಯಲ್ಲೇ ಇಟ್ಟರು.

137ನೆಯ ಕೀರ್ತನೆಯದು ಇನ್ನೂ ಸೋಜಿಗ. ಯೆರೂಸಲೇಮ್ ಬಿದ್ದು ಬಾಬೆಲಿಗೆ ಸೆರೆಹೋದ ಜನರನ್ನು, ನಿಮ್ಮೂರಿನ ಭಕ್ತಿಗೀತೆ ಹಾಡಿ ಎಂದು ಸೆರೆಹಿಡಿದವರು ಒತ್ತಾಯಿಸುತ್ತಾರೆ. ಅವರು ವಾದ್ಯಗಳನ್ನು ಮರಕ್ಕೆ ನೇತುಹಾಕಿ, ಹಾಡಲಾರೆವು ಎನ್ನುತ್ತಾರೆ. ಹಾಡಲಾರೆವು ಎಂಬ ಆ ಮಾತೇ ಹಾಡಾಗಿ ಎರಡೂವರೆ ಸಾವಿರ ವರ್ಷ ಬದುಕಿದೆ. ನನ್ನ ಗೆಳೆಯ ಅಂದು ‘ನನ್ನ ಕೈಲಿ ಆಗೋದಿಲ್ಲ’ ಎಂದಾಗ, ತನಗೇ ಗೊತ್ತಿಲ್ಲದೆ 137ನೆಯ ಕೀರ್ತನೆ ಹೇಳುತ್ತಿದ್ದ. ನಾನು ಬಾಬೆಲಿನವರ ಜಾಗದಲ್ಲಿ ನಿಂತಿದ್ದೆ.

ಯೋಬನ ಪುಸ್ತಕವನ್ನೂ ನೆನೆಯಬೇಕು. ಯೋಬನ ಮೂವರು ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಎಂಟನೆಯ ದಿನದಿಂದ ದೇವರ ಪರ ವಕಾಲತ್ತು ಶುರುಮಾಡಿದರು. ಯೋಬ ಕೂಗಿದ, ಹುಟ್ಟಿದ ದಿನವನ್ನೇ ಶಪಿಸಿದ, ದೇವರನ್ನು ವಾದಕ್ಕೆ ಕರೆದ. ಪುಸ್ತಕದ ಕೊನೆಯಲ್ಲಿ ದೇವರ ತೀರ್ಪು ಯಾರ ಪರ? ಸರಿಯಾಗಿ ಮಾತಾಡಿದವನು ಯೋಬ, ಅವನ ಗೆಳೆಯರಲ್ಲ ಎಂದು. ದೂರುವವನು ಇನ್ನೂ ದೇವರ ಕಡೆಗೇ ಮುಖಮಾಡಿ ನಿಂತಿರುತ್ತಾನೆ.

ಕನ್ನಡಿಗರಿಗೆ ಇದು ಹೊಸತಲ್ಲ. ನಮ್ಮ ಹರಿದಾಸರಲ್ಲಿ ನಿಂದಾಸ್ತುತಿ ಎಂಬ ಪ್ರಕಾರವೇ ಇದೆ. ದೇವರನ್ನು ಬಯ್ಯುತ್ತ, ಛೇಡಿಸುತ್ತ, ಲೆಕ್ಕ ಕೇಳುತ್ತ ಹಾಡುವ ಸಲಿಗೆ. ಯೋಬನ ಸಿಟ್ಟಿಗೂ ದಾಸರ ಸಲಿಗೆಗೂ ವ್ಯತ್ಯಾಸವಿದೆ, ಒಪ್ಪುತ್ತೇನೆ. ಆದರೆ ಮನೆಯವರ ಮೇಲಷ್ಟೇ ಸಿಟ್ಟು ಮಾಡಬಹುದು ಎಂಬ ತಿಳಿವಳಿಕೆ ಎರಡರಲ್ಲೂ ಒಂದೇ.

4

ಇನ್ನೊಂದು ಅಪಾಯವನ್ನೂ ಹೇಳಿಬಿಡುತ್ತೇನೆ. ಅಪೊಸ್ತಲರ ಕೃತ್ಯಗಳು ಪುಸ್ತಕದ ಹದಿನಾರನೆಯ ಅಧ್ಯಾಯದಲ್ಲಿ ಪೌಲ ಸೀಲರು ಫಿಲಿಪ್ಪಿಯ ಸೆರೆಮನೆಯಲ್ಲಿದ್ದಾರೆ. ಬೆನ್ನ ಮೇಲೆ ಏಟಿನ ಗಾಯ, ಕಾಲಿಗೆ ಕೋಳ. ಮಧ್ಯರಾತ್ರಿ ಅವರು ಹಾಡುತ್ತಾರೆ. ಭೂಕಂಪವಾಗಿ ಬಾಗಿಲುಗಳು ತೆರೆಯುತ್ತವೆ. ಇದನ್ನಿಟ್ಟುಕೊಂಡು, ನೀವೂ ಹಾಡಿ, ನಿಮ್ಮ ಸಾಲ ತೀರುತ್ತದೆ, ಗಡ್ಡೆ ಕರಗುತ್ತದೆ, ವೀಸಾ ಬರುತ್ತದೆ ಎಂದು ಹೇಳುವ ಪ್ರಸಂಗಗಳನ್ನು ನಾನು ಸಾಕಷ್ಟು ಕೇಳಿದ್ದೇನೆ. ಸ್ತೋತ್ರವೆಂದರೆ ಬಾಗಿಲು ತೆರೆಯುವ ಕೀಲಿಕೈ ಎಂಬ ಲೆಕ್ಕಾಚಾರ ಇದು.

ಅದೇ ಪೌಲ ಮುಂದೊಮ್ಮೆ ಮತ್ತೊಂದು ಸೆರೆಯಲ್ಲಿ ಕೂತು ಅದೇ ಫಿಲಿಪ್ಪಿ ಊರಿನ ಸಭೆಗೆ ಪತ್ರ ಬರೆದ. ಪುಟಪುಟದಲ್ಲೂ ಸಂತೋಷದ ಮಾತು. ಆ ಸಲ ಭೂಕಂಪ ಆದದ್ದು ಎಲ್ಲೂ ದಾಖಲಾಗಿಲ್ಲ. ಕೊನೆಗೆ ರೋಮಿನಲ್ಲಿ ಅವನ ತಲೆ ಕಡಿದರು ಎಂಬುದು ಸಭೆಯ ಪರಂಪರೆ. ಬಾಗಿಲು ತೆರೆದ ರಾತ್ರಿಗೂ ತೆರೆಯದ ರಾತ್ರಿಗಳಿಗೂ ಹಾಡು ಒಂದೇ ಆಗಿತ್ತು.

ಫಿಲಿಪ್ಪಿಯ ಕಥೆಯಲ್ಲಿ ನಾವು ದಾಟಿಹೋಗುವ ಒಂದು ಸಣ್ಣ ವಿವರವಿದೆ. ಅವರು ಹಾಡುವಾಗ ಉಳಿದ ಕೈದಿಗಳು ಕೇಳಿಸಿಕೊಳ್ಳುತ್ತಿದ್ದರು. ಆ ಕೈದಿಗಳು ಹಾಡಲಿಲ್ಲ. ಅವರಿಗೆ ಹಾಡು ಗೊತ್ತಿರಲಿಲ್ಲವೋ, ಶಕ್ತಿ ಇರಲಿಲ್ಲವೋ. ಪಕ್ಕದ ಕೋಣೆಯಿಂದ ಬಂದದ್ದು ಅವರ ಪಾಲಿಗೂ ಸಾಕಾಯಿತು. ‘ನೀನು ಹೇಳು’ ಎಂಬ ಮಾತಿನ ಮೊದಲ ಸುಳಿವು ನನಗೆ ಸಿಕ್ಕಿದ್ದು ಇಲ್ಲಿ.

5

ನಮ್ಮ ಕರಾವಳಿಗೆ ಬರೋಣ. ಸೆಪ್ಟೆಂಬರ್ 8ರಂದು ದಕ್ಷಿಣ ಕನ್ನಡ, ಉಡುಪಿಯ ಕಥೋಲಿಕ ಮನೆಗಳಲ್ಲಿ ಮೊಂತಿ ಫೆಸ್ತ್. ಮಾತೆ ಮರಿಯಳ ಹುಟ್ಟುಹಬ್ಬ, ಜೊತೆಗೆ ಹೊಸ ಅಕ್ಕಿಯ ಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಾತೆಯ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಚರ್ಚಿನಲ್ಲಿ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಹಿರಿಯರು ಕಾಳು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಆ ದಿನ ಮೀನು ಮಾಂಸವಿಲ್ಲ, ಬಾಳೆಲೆಯಲ್ಲಿ ತರಕಾರಿ ಊಟ. ತುಳುವರು ಪುದ್ದರ್ ಎನ್ನುವ ಹೊಸ ಅಕ್ಕಿ ಊಟಕ್ಕೆ ಇದು ಅಕ್ಕನೋ ತಂಗಿಯೋ ಇದ್ದಂತೆ. ನಮ್ಮ ಕರಾವಳಿಯಲ್ಲಿ ಈ ಹಬ್ಬವನ್ನು ಶುರುಮಾಡಿದವರು ಗೋವಾ ಮೂಲದ ಪಾದ್ರಿ ಜೋಕಿಂ ಮಿರಾಂದ, ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ, 1763ರಲ್ಲಿ ಎಂದು ಹೇಳುತ್ತಾರೆ.

ಇದಾದ ಇಪ್ಪತ್ತೊಂದು ವರ್ಷಕ್ಕೆ, 1784ರಲ್ಲಿ, ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯ ಮೇಲೆ ಕೆನರಾದ ಕಥೋಲಿಕರನ್ನು ಟಿಪ್ಪು ಸುಲ್ತಾನ್ ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದ. ಸಾವಿರಾರು ಜನ ದಾರಿಯಲ್ಲೂ ಸೆರೆಯಲ್ಲೂ ಸತ್ತರು. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಉಳಿದವರು ಊರಿಗೆ ಮರಳಿದರು. ಈ ಘಟನೆಯನ್ನು ಇವತ್ತಿನ ಜಗಳಗಳಿಗೆ ಕೊಡಲಿಯಾಗಿ ಹಿಡಿಯುವವರಿದ್ದಾರೆ. ನನಗೆ ಅದು ಬೇಡ. ನನ್ನ ಕುತೂಹಲ ಬೇರೆ. ಪಾದ್ರಿಗಳಿಲ್ಲದೆ ಕಥೋಲಿಕರಿಗೆ ಪೂಜೆಯಿಲ್ಲ. ಪಾದ್ರಿಗಳನ್ನು ಗಡಿಯಾಚೆ ಕಳಿಸಲಾಗಿತ್ತು. ಹದಿನೈದು ವರ್ಷ ಎಂದರೆ ಅಲ್ಲಿ ಹುಟ್ಟಿದ ಮಗು ಮೀಸೆ ಮೂಡುವ ಪ್ರಾಯಕ್ಕೆ ಬರುವಷ್ಟು ಕಾಲ. ಗುಡಿ ಗೋಪುರ ಗುರು ಯಾವುದೂ ಇಲ್ಲದ ಕಡೆ ಉಳಿಯಬಲ್ಲದ್ದು ಒಂದೇ: ಅಮ್ಮನೋ ಅಜ್ಜಿಯೋ ಸಂಜೆ ಹೇಳಿಸುವ ತೇರ್ಸ್ ಎಂಬ ಜಪಮಾಲೆ ಪ್ರಾರ್ಥನೆ, ಅನ್ನದ ಮುಂದೆ ಹೇಳಿಸುವ ನಾಲ್ಕು ಮಾತು. ಮರಳಿ ಬಂದವರ ಮಕ್ಕಳು ಮೊಮ್ಮಕ್ಕಳು ಮತ್ತೆ ಹೊಸ ತೆನೆ ಹಿಡಿದು ಚರ್ಚಿಗೆ ಹೋದರು. ಹಬ್ಬ ಇವತ್ತಿಗೂ ನಡೆಯುತ್ತಿದೆ. ಐಲೆನ್‌ಬುರ್ಗ್‌ನಲ್ಲೂ ಇಲ್ಲೂ, ಸಂಕಟವನ್ನು ದಾಟಿ ಬಂದದ್ದು ಸಂಕಟಕ್ಕೂ ಮುಂಚೆ ಅನ್ನದ ಮುಂದೆ ಕಲಿತ ಪಾಠ.

ಎರಡು ಶತಮಾನ ಕಳೆದು ನಮಗೂ ಒಂದು ಸಣ್ಣ ಪರೀಕ್ಷೆ ಬಂತು. 2020ರ ಏಪ್ರಿಲ್ 12, ಈಸ್ಟರ್ ಭಾನುವಾರ, ಕೊರೋನಾ ಲಾಕ್‌ಡೌನಿನಿಂದ ನಮ್ಮ ಚರ್ಚುಗಳಿಗೆ ಬೀಗ. ಮನೆಯಲ್ಲಿ ಪ್ರಾರ್ಥನೆಯ ರೂಢಿ ಇದ್ದವರು ಚಾಪೆ ಹಾಸಿ ಕೂತರು. ರೂಢಿ ತಪ್ಪಿದ ನಮ್ಮಂಥವರು ಮೊಬೈಲಿನಲ್ಲಿ ಯಾರದೋ ಆರಾಧನೆ ನೋಡುತ್ತ ಕೂತೆವು.

6

ಕೊನೆಗೆ ನನ್ನ ಅಜ್ಜಿಯ ವಿಷಯ ಹೇಳಿ ಮುಗಿಸುತ್ತೇನೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಾಗ ಜರ್ಮನ್ ಸಭಾಗೀತೆಗಳ ರಾಗಗಳನ್ನೂ ಹೊತ್ತು ತಂದರು. ಆ ರಾಗಗಳು ಕನ್ನಡದ ಮಾತು ಉಟ್ಟು ನಮ್ಮ ಮನೆಗಳಲ್ಲಿ ನೆಲೆಸಿದವು. ಅಜ್ಜಿಗೆ ಅವು ಜರ್ಮನಿಯವು ಎಂಬುದೇ ಗೊತ್ತಿರಲಿಲ್ಲ. ಅಜ್ಜ ಹೆಂಚಿನ ಕಾರ್ಖಾನೆಯಲ್ಲಿ ದುಡಿದು ಬರುತ್ತಿದ್ದರು. ರಾತ್ರಿ ಚಿಮಿಣಿ ದೀಪದ ಬೆಳಕಿನಲ್ಲಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಒಮ್ಮೊಮ್ಮೆ ಸುಟ್ಟ ಒಣಮೀನು. ಬಟ್ಟಲಿಗೆ ಕೈಹಾಕುವ ಮುಂಚೆ ಅಜ್ಜಿಯ ಪ್ರಾರ್ಥನೆ. ದಿನವೂ ಅದೇ ಮಾತು, ಅದೇ ಏರಿಳಿತ. ಹಸಿದ ನಾವು ಮಕ್ಕಳು ಒಂದು ಕಣ್ಣು ತೆರೆದು ಗಂಜಿಯ ಹಬೆ ನೋಡುತ್ತಿದ್ದೆವು. ಅದರಲ್ಲಿ ನಮಗೆ ಯಾವ ಭಕ್ತಿಯೂ ಕಂಡಿರಲಿಲ್ಲ.

ಅಜ್ಜ ತೀರಿಕೊಂಡ ರಾತ್ರಿ ನೆರೆಮನೆಯವರು ಗಂಜಿ ಮಾಡಿ ತಂದರು. ಎಲ್ಲರೂ ಕೂತೆವು. ಅಜ್ಜಿ ಕೈ ಜೋಡಿಸಿದರು, ಬಾಯಿ ತೆರೆದರು, ಸ್ವರ ಹೊರಡಲಿಲ್ಲ. ಮತ್ತೆ ಪ್ರಯತ್ನಿಸಿದರು, ಆಗಲಿಲ್ಲ. ಆಗ ಎಂಟು ವರ್ಷದ ನನ್ನ ತಂಗಿ, ಯಾರೂ ಹೇಳದೆಯೇ, ಅಜ್ಜಿಯದೇ ಮಾತುಗಳನ್ನು ಅಜ್ಜಿಯದೇ ಏರಿಳಿತದಲ್ಲಿ ಹೇಳಿದಳು. ನಾವು ದನಿಗೂಡಿಸಿದೆವು. ಅಜ್ಜಿ ಕೊನೆಗೆ ‘ಆಮೆನ್’ ಎಂದರು. ಆ ಒಂದು ಪದವಷ್ಟೇ ಅವರಿಂದಾದದ್ದು.

ಗೆಳೆಯನ ಮಾತಿನ ಉತ್ತರಾರ್ಧ ಇದು. ‘ನೀನು ಹೇಳು’ ಎಂದರೆ ಸ್ತೋತ್ರ ಬೇಡವೆಂದಲ್ಲ. ನನ್ನ ಪಾಲಿನದನ್ನೂ ಸ್ವಲ್ಪ ದಿನ ನೀನೇ ಹೊರು ಎಂದು. ಸಭೆ ಎಂದು ನಾವು ಕರೆಯುವುದು ಇದಕ್ಕೇ. ಹಾಡಲಾರದವನ ಪಕ್ಕದಲ್ಲಿ ಕೂತು ಹಾಡುವ ಜನ ಇರಬೇಕು, ಹಾಡಲಾರದವನು ಬರೀ ಆಮೆನ್ ಅಂದರೂ, ಅದನ್ನೂ ಅನ್ನದಿದ್ದರೂ, ಅವನ ಜಾಗ ಬೆಂಚಿನ ಮೇಲೆ ಹಾಗೇ ಇರಬೇಕು.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಎರಡೇ. ಸಾವಿನ ಮನೆಗೆ ಹೋದಾಗ ಸ್ತೋತ್ರ ಹೇಳಿ ಎಂದು ಯಾರಿಗೂ ಅಪ್ಪಣೆ ಕೊಡಬೇಡಿ. ಸುಮ್ಮನೆ ಕೂತುಕೊಳ್ಳಿ, ಗಂಜಿ ಒಯ್ಯಿರಿ. ಇನ್ನೊಂದು, ಇವತ್ತು ರಾತ್ರಿ ಊಟಕ್ಕೆ ಕೂತಾಗ ಟಿವಿ ಆರಿಸಿ, ಮನೆಯ ಮಕ್ಕಳ ಬಾಯಲ್ಲಿ ಒಂದು ಪುಟ್ಟ ಪ್ರಾರ್ಥನೆ ಹೇಳಿಸಿ. ಅವರು ಒಂದು ಕಣ್ಣು ತೆರೆದು ತಟ್ಟೆ ನೋಡುತ್ತಿದ್ದರೆ ಗದರಬೇಡಿ. ಎಂದೋ ಒಂದು ದಿನ ನಿಮಗೆ ಸ್ವರ ಹೊರಡದಿದ್ದಾಗ ಅದನ್ನು ನಿಮಗೆ ಹಿಂದಿರುಗಿಸಬೇಕಾದವರು ಅವರೇ.